ಆಟಗಾರ ಬಿಡಿಸಿದ ಕೋರ್ಸ್: ಚಲ್ಲಘಟ್ಟದಲ್ಲಿ ಪೀಟರ್ ಥಾಮ್ಸನ್

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಪಕ್ಕದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್ 1980ರ ದಶಕದಲ್ಲಿ ಸಿದ್ಧವಾಯಿತು. 18 ಹೋಲ್, 72 ಪಾರ್, ಸುಮಾರು 7,000 ಗಜ ಉದ್ದ. ಅದರ ವಿನ್ಯಾಸ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅವರದು. ಐದು ಸಲ ಬ್ರಿಟಿಷ್ ಓಪನ್ ಗೆದ್ದ ಥಾಮ್ಸನ್ ಬಿಡುವಿನ ವೇಳೆಗೆಂದು ನಕ್ಷೆ ಬಿಡಿಸಿದವರಲ್ಲ, ಪಂದ್ಯದ ಬದುಕಿನ ಜೊತೆಜೊತೆಗೇ ಕೋರ್ಸ್ ಕಟ್ಟುವುದನ್ನೂ ಕಸುಬಾಗಿ ಮಾಡಿಕೊಂಡವರು. ಆಟಗಾರನೊಬ್ಬ ನೆಲವನ್ನು ಹೇಗೆ ನೋಡುತ್ತಾನೆ, ಆ ನೋಟ ಎಷ್ಟು ದೂರ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಈ ಕೋರ್ಸಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಥಾಮ್ಸನ್ ಬರುವುದಕ್ಕೆ ನೂರು ವರ್ಷ ಮೊದಲೇ ಈ ನೆಲಕ್ಕೆ ಗಾಲ್ಫ್ ಬಂದಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಕಲ್ಕತ್ತದ ಕ್ಲಬ್ 1829ರದು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದು ಇಲ್ಲ. ಆ ಕಾಲದ ಕೋರ್ಸುಗಳಿಗೆ ವಿನ್ಯಾಸಕಾರ ಎಂಬುವನೇ ಇರಲಿಲ್ಲ. ದಂಡಿನ ಅಧಿಕಾರಿಗಳು ಮತ್ತು ಸರ್ಕಾರಿ ಸಾಹೇಬರು ಖಾಲಿ ಬಯಲು ಹುಡುಕಿ, ಕೋಲು ನೆಟ್ಟು, ಕುಳಿ ತೋಡಿ ಆಡಲು ಶುರು ಮಾಡುತ್ತಿದ್ದರು. ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಇಕ್ಕಟ್ಟು ಇಂದಿಗೂ ಆ ಚರಿತ್ರೆಯನ್ನು ಹೇಳುತ್ತದೆ. ಸುತ್ತ ಊರು ಬೆಳೆಯಿತು, ನಡುವೆ ರಸ್ತೆಗಳು ಹಾದವು, ಚೆಂಡು ವಾಹನಗಳಿಗೆ ಬಡಿಯದಂತೆ ಬಲೆ ಕಟ್ಟಬೇಕಾಯಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲೂ ಜಾನ್ ಟೇಲರ್ ಕಂಪನಿಯ ಎಂಜಿನಿಯರುಗಳು ಗಾಲ್ಫ್ ಆಡಿದರು. ನೀರಿಗೆ ತತ್ವಾರವಿದ್ದ ಊರುಗಳಲ್ಲಿ ಹಸಿರು ಗ್ರೀನಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹಾಸಿ ಮಟ್ಟ ಮಾಡುವುದು ರೂಢಿ. ಅದಕ್ಕೆ ‘ಬ್ರೌನ್’ ಎಂದೇ ಹೆಸರು. ಒಬ್ಬ ಆಟಗಾರ ಕುಳಿಯ ಬಳಿ ಆಡಿ ಹೋದ ಮೇಲೆ ಕ್ಯಾಡಿ ಹುಡುಗ ಚೀಲವನ್ನೋ ಹಲಗೆಯನ್ನೋ ಎಳೆದು ಹೆಜ್ಜೆ ಗುರುತು ಅಳಿಸುತ್ತಿದ್ದ. ಆಟ ಅಷ್ಟರಲ್ಲೇ ನಡೆಯುತ್ತಿತ್ತು. ನೆಲ ಇದ್ದಂತೆ ಆಟ, ಅದಕ್ಕಿಂತ ಹೆಚ್ಚಿನ ಯೋಚನೆ ಯಾರಿಗೂ ಬೇಕಿರಲಿಲ್ಲ.

ಕೋರ್ಸ್ ವಿನ್ಯಾಸವನ್ನು ಕಸುಬಾಗಿಸಿದವರು ಸ್ಕಾಟ್ಲೆಂಡಿನ ವೃತ್ತಿ ಆಟಗಾರರು. ಓಲ್ಡ್ ಟಾಮ್ ಮಾರಿಸ್ (1821–1908) ಚೆಂಡು ಮಾಡುತ್ತಿದ್ದ, ಹುಲ್ಲು ನೋಡಿಕೊಳ್ಳುತ್ತಿದ್ದ, ಪಣಕ್ಕೆ ಆಡುತ್ತಿದ್ದ. ನಾಲ್ಕು ಸಲ ಓಪನ್ ಗೆದ್ದ. ಪ್ರೆಸ್ಟ್‌ವಿಕ್‌ನಲ್ಲಿ 1851ರಲ್ಲಿ ಆತ ಹಾಕಿಕೊಟ್ಟ 12 ಹೋಲುಗಳ ಮೇಲೆಯೇ 1860ರ ಮೊದಲ ಓಪನ್ ನಡೆಯಿತು. ಕರೆ ಬಂದ ಊರಿಗೆ ರೈಲಿನಲ್ಲಿ ಹೋಗಿ, ಒಂದೆರಡು ದಿನ ನಡೆದಾಡಿ, ಗೂಟ ಹೊಡೆದು ಬರುವುದೇ ಆತನ ಪದ್ಧತಿ. ಮಣ್ಣನ್ನು ಎತ್ತಿ ಹಾಕುವ ಯಂತ್ರವಿಲ್ಲದ ಕಾಲ, ಹಾಗಾಗಿ ನೆಲದ ಏರಿಳಿತವನ್ನು ಓದಬಲ್ಲವನೇ ವಿನ್ಯಾಸಕಾರ. ಐದು ಸಲ ಓಪನ್ ಗೆದ್ದ ಜೇಮ್ಸ್ ಬ್ರೇಡ್ ಅದೇ ದಾರಿಯಲ್ಲಿ ನಡೆದು ಗ್ಲೆನ್‌ಈಗಲ್ಸ್ ಕೋರ್ಸುಗಳನ್ನು ಹಾಕಿದ. ಹಡಗಿನ ಪ್ರಯಾಣ ಮೈಗೆ ಒಗ್ಗದ ಕಾರಣ ದೂರದ ದೇಶಗಳಿಗೆ ಆತ ಹೋಗುತ್ತಿರಲಿಲ್ಲ. ಡಾರ್ನೋಕ್‌ನ ಡೊನಾಲ್ಡ್ ರಾಸ್ 1899ರಲ್ಲಿ ಅಮೆರಿಕಕ್ಕೆ ಹೋಗಿ ನೂರಾರು ಕೋರ್ಸುಗಳ ಕರ್ತೃವಾದ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ಕಸುಬು ಆಟಗಾರರ ಕೈಯಿಂದ ಜಾರಿತು. ಹ್ಯಾರಿ ಕೋಲ್ಟ್ ವಕೀಲ, ಅಲಿಸ್ಟರ್ ಮೆಕೆಂಜಿ ವೈದ್ಯ. ಇಬ್ಬರೂ ಓಪನ್ ಗೆದ್ದವರಲ್ಲ, ಆದರೂ ಆ ಕಾಲದ ಅತ್ಯುತ್ತಮ ಕೋರ್ಸುಗಳಲ್ಲಿ ಹಲವು ಅವರವು. ಚೆನ್ನಾಗಿ ಆಡುವವನು ಚೆನ್ನಾಗಿ ವಿನ್ಯಾಸ ಮಾಡುತ್ತಾನೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಏಟು ಬೇಕಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಗಸ್ಟಾದಲ್ಲಿ ಒಂದು ನಡುದಾರಿ ಕಂಡಿತು. ಅಲ್ಲಿ ನಕ್ಷೆ ಮೆಕೆಂಜಿಯದು, ಪರೀಕ್ಷೆ ಬಾಬಿ ಜೋನ್ಸ್‌ನದು. ಕೆಲಸ ನಡೆಯುತ್ತಿದ್ದಾಗಲೇ ಜೋನ್ಸ್ ಹಸಿ ಮಣ್ಣಿನ ಮೇಲೆ ನಿಂತು ಚೆಂಡು ಹೊಡೆದು, ಟೀ ಎಲ್ಲಿರಬೇಕು, ಗ್ರೀನ್ ಎತ್ತ ವಾಲಬೇಕು ಎಂದು ನೋಡುತ್ತಿದ್ದ. ಆಟಗಾರನಿಗೆ ವಿನ್ಯಾಸದಲ್ಲಿ ಏನಾದರೂ ವಿಶೇಷ ಬಲವಿದ್ದರೆ ಅದು ಇದೇ. ಚೆಂಡು ಬೀಳುವ ಜಾಗದಿಂದ ಹಿಮ್ಮುಖವಾಗಿ ಯೋಚಿಸುವುದು ಅವನಿಗೆ ಅಭ್ಯಾಸಬಲ.

ಪೀಟರ್ ಥಾಮ್ಸನ್ 1929ರ ಆಗಸ್ಟ್ 23ರಂದು ಮೆಲ್ಬರ್ನ್‌ನ ಬ್ರನ್ಸ್‌ವಿಕ್‌ನಲ್ಲಿ ಹುಟ್ಟಿದರು. 1954, 1955, 1956ರಲ್ಲಿ ಸತತವಾಗಿ, ಆಮೇಲೆ 1958 ಮತ್ತು 1965ರಲ್ಲಿ ಓಪನ್ ಗೆದ್ದರು. ಇಪ್ಪತ್ತನೇ ಶತಮಾನದಲ್ಲಿ ಸತತ ಮೂರು ವರ್ಷ ಅದನ್ನು ಗೆದ್ದವರು ಬೇರೆ ಯಾರೂ ಇಲ್ಲ. ಅವರ ಬಲ ತೋಳಿನಲ್ಲಿರಲಿಲ್ಲ, ಲೆಕ್ಕಾಚಾರದಲ್ಲಿತ್ತು. ಬಿರುಸು ನೆಲದಲ್ಲಿ ಚೆಂಡನ್ನು ತಗ್ಗಿನಲ್ಲಿ ಹೊಡೆದು, ಎಲ್ಲಿ ನೆಲ ಮುಟ್ಟಿ ಎಷ್ಟು ಉರುಳಬೇಕೆಂದು ಮೊದಲೇ ಎಣಿಸಿ ಆಡುವ ಕಡಲತಡಿಯ ಲಿಂಕ್ಸ್ ಆಟ ಅವರಿಗೆ ಪ್ರಿಯ. ನೀರು ಕುಡಿಸಿ ಮೆತ್ತಗೆ ಮಾಡಿದ ಗ್ರೀನಿನ ಮೇಲೆ ಎತ್ತರದಿಂದ ಚೆಂಡು ಬೀಳಿಸಿ ನಿಲ್ಲಿಸುವ ಅಮೆರಿಕನ್ ಶೈಲಿ ಅವರಿಗೆ ಅಷ್ಟು ಹಿಡಿಸಲಿಲ್ಲ. ಮೆಲ್ಬರ್ನ್‌ನ ‘ದಿ ಏಜ್’ ಪತ್ರಿಕೆಗೆ ದಶಕಗಳ ಕಾಲ ಬರೆದರು. 1962ರಿಂದ 1994ರವರೆಗೆ ಆಸ್ಟ್ರೇಲಿಯಾದ ವೃತ್ತಿ ಗಾಲ್ಫರುಗಳ ಸಂಘದ ಅಧ್ಯಕ್ಷರಾಗಿದ್ದರು.

ಭಾರತದ ಜೊತೆ ಅವರ ನಂಟು ಸ್ಪರ್ಧೆಯಿಂದ ಆರಂಭವಾಯಿತು. 1964ರಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ಮೊದಲ ಇಂಡಿಯನ್ ಓಪನ್ ಹುಟ್ಟಲು ಅವರ ಒತ್ತಾಸೆಯಿತ್ತು, ಗೆದ್ದವರೂ ಅವರೇ. ಮರುವರ್ಷ ಹವ್ಯಾಸಿ ಆಟಗಾರ ಪಿ.ಜಿ. ಸೇಥಿ ಆ ಪ್ರಶಸ್ತಿಯನ್ನು ಗೆದ್ದರು. ಥಾಮ್ಸನ್ 1966 ಮತ್ತು 1976ರಲ್ಲಿ ಮತ್ತೆ ಗೆದ್ದರು. 1970ರ ದಶಕದ ಎರಡನೇ ಅರ್ಧದಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನ ಕೋರ್ಸನ್ನು ತಿದ್ದಿ ಬರೆಯುವ ಕೆಲಸ ಅವರ ಪಾಲಿಗೆ ಬಂತು. ಲೋದಿ ಮತ್ತು ಮೊಘಲ್ ಕಾಲದ ಗೋರಿ ಗುಮ್ಮಟಗಳ ನಡುವೆ, ಜಾಲಿ ಪೊದೆಗಳ ಅಂಚಿನಲ್ಲಿ ಹಾದುಹೋಗುವ ಆ ಕೋರ್ಸಿನಲ್ಲಿ ಉದ್ದನೆಯ ಹೊಡೆತಕ್ಕಿಂತ ನೇರ ಹೊಡೆತಕ್ಕೆ ಬೆಲೆ. ಅಷ್ಟರಲ್ಲಾಗಲೇ ಅವರು ಮೈಕ್ ವುಲ್‌ವರಿಜ್ ಜೊತೆ ವಿನ್ಯಾಸ ಸಂಸ್ಥೆ ನಡೆಸುತ್ತಿದ್ದರು. ವುಲ್‌ವರಿಜ್ ಕೂಡ ಮೂಲತಃ ವೃತ್ತಿ ಆಟಗಾರರೇ. ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಹರಡಿದ ಈ ಸಂಸ್ಥೆಯ ಕೆಲಸ 1990ರ ದಶಕದಲ್ಲಿ ಸೇಂಟ್ ಆಂಡ್ರೂಸ್‌ನ ಡ್ಯೂಕ್ಸ್ ಕೋರ್ಸಿನವರೆಗೂ ಹೋಯಿತು.

ಆಟಗಾರ ವಿನ್ಯಾಸಕಾರನ ಕ್ರಮವನ್ನು ಒಂದೇ ಹೋಲಿನಲ್ಲಿ ನಿಲ್ಲಿಸಿ ನೋಡಬಹುದು. 400 ಗಜದ, ನಾಲ್ಕು ಪಾರಿನ ಹೋಲ್ ಎಂದಿಟ್ಟುಕೊಳ್ಳಿ. ಮೊದಲು ತೀರ್ಮಾನವಾಗುವುದು ಟೀ ಅಲ್ಲ, ಗ್ರೀನ್. ಅದು ಬಲದಿಂದ ಎಡಕ್ಕೆ ಓರೆಯಾಗಿ ಕುಳಿತಿದೆ, ಎಡ ಮುಂಭಾಗದಲ್ಲೊಂದು ಆಳದ ಬಂಕರ್, ಬಲಗಡೆ ಬಾಯಿ ತೆರೆದಿದೆ. ಈಗ ಹಿಂದಕ್ಕೆ ಬರಬೇಕು. ಗ್ರೀನಿಗೆ ಸುಲಭದ ದಾರಿ ಫೇರ್‌ವೇಯ ಬಲ ಅಂಚಿನಿಂದ, ಆದ್ದರಿಂದ ಟೀಯಿಂದ 230 ಗಜದ ಆಸುಪಾಸಿನಲ್ಲಿ ಬಲಗಡೆಯೇ ಇನ್ನೊಂದು ಬಂಕರ್ ಇಡಬೇಕು. ಧೈರ್ಯವಿದ್ದವನು ಆ ಬಂಕರನ್ನು ಉಜ್ಜಿಕೊಂಡಂತೆ ಹೊಡೆದು ಸಲೀಸಾದ ಎರಡನೇ ಹೊಡೆತ ಗಳಿಸುತ್ತಾನೆ. ಎಡಗಡೆ ಜಾಗ ಧಾರಾಳ, ಅಲ್ಲಿಗೆ ಹೊಡೆದವನಿಗೆ ಚೆಂಡು ಕಳೆಯುವ ಭಯವಿಲ್ಲ, ಆದರೆ ಮುಂದಿನ ಹೊಡೆತ ಆಳದ ಬಂಕರಿನ ಮೇಲಿಂದ ಹಾಯಬೇಕು. 160 ಗಜವಷ್ಟೇ ಹೊಡೆಯಬಲ್ಲ ಹಿರಿಯ ಸದಸ್ಯರಿಗೆ ಎರಡೂ ಬಂಕರುಗಳ ಗೊಡವೆಯಿಲ್ಲ. ಮೂರು ಹೊಡೆತಗಳಲ್ಲಿ ಬಲಬದಿಯ ತೆರೆದ ಬಾಯಿಯಿಂದ ಚೆಂಡನ್ನು ಉರುಳಿಸಿ ಗ್ರೀನಿಗೆ ಸೇರಿಸಿಬಿಡುತ್ತಾರೆ. ಎರಡು ಬಂಕರ್, ಒಂದು ಓರೆ, ಒಂದು ತೆರಪು. ಇಷ್ಟರಲ್ಲಿ ಮೂರು ಬಗೆಯ ಆಟಗಾರರಿಗೆ ಮೂರು ಬೇರೆ ಪ್ರಶ್ನೆ. ಥಾಮ್ಸನ್ ಪರಂಪರೆಯ ವಿನ್ಯಾಸಕಾರರು ಗ್ರೀನಿನ ಮುಂಭಾಗವನ್ನು ಪೂರ್ತಿ ಮುಚ್ಚಲು ಹಿಂದೆಗೆಯುವುದು ಇದಕ್ಕೇ. ಚೆಂಡು ಉರುಳುವ ದಾರಿ ಮುಚ್ಚಿದರೆ ಆಟದಲ್ಲಿ ಉಳಿಯುವುದು ಬಲ ಮಾತ್ರ.

ಹೀಗೆ ಒಂದು ಹೋಲ್ ಹೆಣೆಯುವುದು ಸುಲಭ. 18 ಹೋಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿ, ಹೊರಟ ಕ್ಲಬ್‌ಹೌಸಿಗೇ ಮರಳಿ ತರುವುದು ಕಷ್ಟದ ಕೆಲಸ. ಒಂಬತ್ತನೇ ಹೋಲೂ ಕ್ಲಬ್‌ಹೌಸಿನ ಹತ್ತಿರಕ್ಕೆ ಬಂದರೆ ಒಳ್ಳೆಯದು. ಬೆಳಗಿನ ಮೊದಲ ಹೋಲುಗಳು ಪೂರ್ವಕ್ಕೆ ಮುಖ ಮಾಡಬಾರದು, ಸಂಜೆಯ ಕೊನೆಯ ಹೋಲುಗಳು ಪಶ್ಚಿಮಕ್ಕೆ ಮುಖ ಮಾಡಬಾರದು, ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಈಶಾನ್ಯ, ಪೂರ್ವದ ಕಡೆಯಿಂದ. ಜುಲೈಯಲ್ಲಿ ಉದ್ದವೆನಿಸುವ ಹೋಲ್ ಡಿಸೆಂಬರಿನಲ್ಲಿ ಗಿಡ್ಡವಾಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು. ಮಂಗಳೂರಿನಲ್ಲಿ ಹೊಡೆದ ಚೆಂಡಿಗಿಂತ ಇಲ್ಲಿಯದು ಕೆಲವು ಗಜ ಹೆಚ್ಚೇ ಹೋಗುತ್ತದೆ. ನಕ್ಷೆಯ ಮೇಲೆ ಬರೆದ ಗಜದ ಲೆಕ್ಕವನ್ನೇ ನಂಬಿ ಕೂತ ವಿನ್ಯಾಸಕಾರ ಇವನ್ನೆಲ್ಲ ಕೈಬಿಡುತ್ತಾನೆ. ಊರೂರು ಅಲೆದು ಆಡಿದವನಿಗೆ ಇವು ಮೈಗೆ ಗೊತ್ತು.

ಆದರೆ ಮಣ್ಣಿನ ವಿಷಯದಲ್ಲಿ ಆಟಗಾರನ ಅನುಭವ ಸಾಲದು. ಲಿಂಕ್ಸ್ ಕೋರ್ಸುಗಳ ಅಡಿಯಲ್ಲಿರುವುದು ಕಡಲ ಮರಳು. ಮಳೆ ಬಿದ್ದ ಅರ್ಧ ಗಂಟೆಗೆ ಅದು ಒಣಗಿ ನಿಲ್ಲುತ್ತದೆ. ಬೆಂಗಳೂರಿನ ಏರು ನೆಲದಲ್ಲಿರುವುದು ಕೆಂಪು ಮಣ್ಣು, ಅದು ನೀರನ್ನು ಒಂದು ಮಟ್ಟಿಗೆ ಇಳಿಸಿಕೊಳ್ಳುತ್ತದೆ. ಚಲ್ಲಘಟ್ಟದ ಕೋರ್ಸ್ ಎದ್ದ ಕೆರೆಯಂಗಳದ್ದು ಹಾಗಲ್ಲ. ತಲೆಮಾರುಗಳಿಂದ ಹರಿದು ಬಂದು ಕೂತ ಗೋಡಿನ ಪದರ ನೀರನ್ನು ಬಿಡುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎರಿ ಭೂಮಿಯನ್ನು ಬಲ್ಲವರಿಗೆ ಈ ತೊಡಕು ಬಿಡಿಸಿ ಹೇಳಬೇಕಿಲ್ಲ. ತೊಗರಿ ಬೆಳೆಯುವ ಕಪ್ಪು ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತುತ್ತದೆ. ಅಂಥ ನೆಲದ ಮೇಲೆ ಮಟ್ಟಸವಾದ ಗ್ರೀನ್ ಹಾಗೇ ನಿಲ್ಲದು, ಮಣ್ಣನ್ನೇ ಬದಲಿಸಬೇಕು. ಅದೇ ಸೀಮೆಯಲ್ಲಿ ಚಂದಾಪುರದಿಂದ ಶಹಾಬಾದ್ ಕಡೆಗೆ ಹೋದಂತೆ ಮಣ್ಣಿನ ಕೆಳಗೆ ಸುಣ್ಣದ ಕಲ್ಲಿನ ಚಪ್ಪಡಿ ಸಿಗುತ್ತದೆ. ವಾಡಿಯ ಸಿಮೆಂಟ್ ಮತ್ತು ಮನೆಮನೆಯ ಪರಸಿ ನೆಲ ಹುಟ್ಟಿದ್ದು ಆ ಕಲ್ಲಿನಿಂದ. ಗಾಲ್ಫ್ ಕಟ್ಟುವವನಿಗೆ ಮಾತ್ರ ಅದು ನೀರಿಳಿಯಲು ಬಿಡದ ಅಡ್ಡಗೋಡೆ.

ಇದಕ್ಕೆ ಪರಿಹಾರವಾಗಿ ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಗ್ರೀನ್ ಕಟ್ಟುವ ಒಂದು ಕ್ರಮವನ್ನು ಪ್ರಕಟಿಸಿತು. ಅಡಿಯಲ್ಲಿ ರಂಧ್ರವಿರುವ ಕೊಳವೆ, ಅದರ ಮೇಲೆ ಸುಮಾರು 10 ಸೆಂ.ಮೀ. ಜಲ್ಲಿ, ಮೇಲೆ ಸುಮಾರು 30 ಸೆಂ.ಮೀ. ಮರಳು ಪ್ರಧಾನವಾದ ಬೇರುಪದರ. ಮಳೆನೀರು ಮರಳಿನಲ್ಲಿ ಇಳಿದು ಜಲ್ಲಿ ದಾಟಿ ಕೊಳವೆ ಹಿಡಿಯುತ್ತದೆ. ಜಗತ್ತಿನ ಬಹುಪಾಲು ಹೊಸ ಕೋರ್ಸುಗಳು ಈ ಕ್ರಮವನ್ನೋ ಅದರ ರೂಪಾಂತರವನ್ನೋ ಅನುಸರಿಸುತ್ತವೆ. ತಗ್ಗು ನೆಲದಲ್ಲಿ ಇನ್ನೊಂದು ಉಪಾಯವೂ ಉಂಟು. ಹೊಂಡ ತೋಡಿ ತೆಗೆದ ಮಣ್ಣಿನಿಂದ ಫೇರ್‌ವೇ ಏರಿಸಿದರೆ ಮಣ್ಣು ಹೊರಗಿನಿಂದ ತರಬೇಕಿಲ್ಲ, ಹೊಂಡ ಮಳೆನೀರು ಹಿಡಿಯುತ್ತದೆ, ಆಟಕ್ಕೆ ನೀರಿನ ಅಡ್ಡಿಯೂ ಸಿಗುತ್ತದೆ. ಕೆರೆಯಂಗಳದ ಕೋರ್ಸಿನಲ್ಲಿ ನೀರು ಕಣ್ಣಿಗೆ ಬೀಳುವುದು ಬರಿಯ ಅಲಂಕಾರಕ್ಕಲ್ಲ.

ಹುಲ್ಲಿನ ವಿಷಯದಲ್ಲಿ ದಕ್ಷಿಣ ಭಾರತಕ್ಕೆ ಅದೃಷ್ಟವಿದೆ. ಗಣೇಶನಿಗೆ ಏರಿಸುವ ಗರಿಕೆಯೇ ಜಗತ್ತಿನ ಬಿಸಿ ಸೀಮೆಯ ಗಾಲ್ಫ್ ಕೋರ್ಸುಗಳ ಮುಖ್ಯ ಹುಲ್ಲು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಸಂಶೋಧನಾ ಕೇಂದ್ರದಲ್ಲಿ ಅದನ್ನು ಆಫ್ರಿಕಾದ ಇನ್ನೊಂದು ಗರಿಕೆಯೊಂದಿಗೆ ಬೆರೆಸಿ, ಸಣ್ಣ ಎಲೆಯ, ಕೆಲವೇ ಮಿಲಿಮೀಟರಿಗೆ ಕತ್ತರಿಸಿದರೂ ಸಾಯದ ತಳಿಗಳನ್ನು ತೆಗೆದರು. ಹೊಲದಲ್ಲಿ ರೈತನ ಬೆನ್ನು ಬಿಡದ ಕಳೆ ಗ್ರೀನಿನ ಮೇಲೆ ರತ್ನಗಂಬಳಿ.

1991ರ ನಂತರ ಭಾರತದ ಕೋರ್ಸುಗಳ ಚರಿತ್ರೆ ಬೇರೆ ತಿರುವು ತೆಗೆದುಕೊಂಡಿತು. ಕಟ್ಟಿಸುವವರು ಕ್ಲಬ್ಬುಗಳಲ್ಲ, ಬಿಲ್ಡರುಗಳು. ಮಾರಾಟಕ್ಕಿದ್ದದ್ದು ಆಟವಲ್ಲ, ಅದರ ಸುತ್ತಲಿನ ವಿಲ್ಲಾ. ಆಗ ಹೆಸರಾಂತ ಆಟಗಾರನ ಸಹಿಗೆ ಬೆಲೆ ಬಂತು. ದೆಹಲಿಯ ಸುತ್ತಮುತ್ತ ಕೆಲವೇ ವರ್ಷಗಳಲ್ಲಿ ಜ್ಯಾಕ್ ನಿಕ್ಲಾಸ್ ಹೆಸರಿನ ಕ್ಲಾಸಿಕ್ ಗಾಲ್ಫ್ ರೆಸಾರ್ಟ್, ಆರ್ನಾಲ್ಡ್ ಪಾಮರ್ ಹೆಸರಿನ ಡಿಎಲ್‌ಎಫ್ ಕೋರ್ಸ್, ಗ್ರೆಗ್ ನಾರ್ಮನ್ ಹೆಸರಿನ ಜೇಪೀ ಗ್ರೀನ್ಸ್ ತಲೆ ಎತ್ತಿದವು. ಕರ್ನಾಟಕದಲ್ಲಿ ನಂದಿಬೆಟ್ಟದ ಬುಡದ ಪ್ರೆಸ್ಟೀಜ್ ಗಾಲ್ಫ್‌ಶೈರ್ ವಿಲ್ಲಾಗಳ ಜೊತೆಗೆ ಹುಟ್ಟಿದ ಕೋರ್ಸ್. ಕಲಬುರಗಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳವರಿಗೆ ಹತ್ತಿರವಾದ ಹೈದರಾಬಾದಿನಲ್ಲಿ ಬಂಡೆಗಳ ನಡುವೆ ಮೂಡಿದ ಬೌಲ್ಡರ್ ಹಿಲ್ಸ್ ಕೋರ್ಸಿನ ಕರ್ತೃ ಪೀಟರ್ ಹ್ಯಾರಡೈನ್. ಅವರು ಪಂದ್ಯಗಳಿಂದ ಬಂದವರಲ್ಲ, ವಿನ್ಯಾಸವನ್ನೇ ಮನೆತನದ ಕಸುಬಾಗಿ ಪಡೆದವರು. ಕೋರ್ಸ್ ನೋಡಿದರೆ ಆಟಗಾರನ ಹೆಸರಿಲ್ಲದ್ದು ಒಂದು ಕೊರತೆಯೆಂದು ಅನಿಸುವುದಿಲ್ಲ.

ಆಟಗಾರ ವಿನ್ಯಾಸಕಾರನ ದೊಡ್ಡ ದೋಷ ತನ್ನ ಆಟವನ್ನೇ ಎಲ್ಲರ ಆಟವೆಂದು ಎಣಿಸುವುದು. ಎತ್ತರದಲ್ಲಿ ಹಾರಿ ಎಡದಿಂದ ಬಲಕ್ಕೆ ಬಾಗಿ ಮೆತ್ತಗೆ ಇಳಿಯುವ ಹೊಡೆತ ನಿಕ್ಲಾಸ್ ಅವರ ವಿಶೇಷ. ಅವರ ಆರಂಭದ ಕೋರ್ಸುಗಳು ಅದೇ ಹೊಡೆತವನ್ನು ಬೇಡುತ್ತವೆ ಎಂಬ ದೂರು ಬಹಳ ಕಾಲ ಕೇಳಿಬಂತು. ಮುಂದೆ ಅವರು ಅದನ್ನು ಸರಿಪಡಿಸಿಕೊಂಡರು ಎನ್ನುವವರೂ ಇದ್ದಾರೆ. ಡಿಎಲ್‌ಎಫ್‌ನಲ್ಲಿ ಗ್ಯಾರಿ ಪ್ಲೇಯರ್ ವಿನ್ಯಾಸದ ಹೊಸ ಕೋರ್ಸ್ 2015ರಲ್ಲಿ ತೆರೆಯಿತು. ಅಲ್ಲಿ 2017ರಲ್ಲಿ ಇಂಡಿಯನ್ ಓಪನ್ ನಡೆದಾಗ ಕಡಿದಾದ ಗ್ರೀನುಗಳನ್ನು ನೋಡಿ ಅಂತರರಾಷ್ಟ್ರೀಯ ಆಟಗಾರರೇ ಗೊಣಗಿದರು. ಎಸ್.ಎಸ್.ಪಿ. ಚೌರಾಸಿಯಾ ಏಳು ಹೊಡೆತಗಳ ಅಂತರದಿಂದ ಗೆದ್ದರು. ಅವರು ಉದ್ದ ಹೊಡೆಯುವವರೇ ಅಲ್ಲ, ಗ್ರೀನಿನ ಆಸುಪಾಸಿನ ಜಾಣ್ಮೆಗೆ ಹೆಸರಾದವರು. ಥಾಮ್ಸನ್ ತಿದ್ದಿದ ದೆಹಲಿ ಗಾಲ್ಫ್ ಕ್ಲಬ್ ಕೋರ್ಸನ್ನೂ ಕೆಲವು ವರ್ಷಗಳ ಹಿಂದೆ ಪ್ಲೇಯರ್ ಸಂಸ್ಥೆಯೇ ಮತ್ತೆ ತಿದ್ದಿತು. ಕೋರ್ಸ್ ಎಂದರೆ ಬೆಳೆಯುವ ಹುಲ್ಲು, ಸವೆಯುವ ಮರಳು. ಹಾಗಾಗಿ ಯಾವ ವಿನ್ಯಾಸಕಾರನ ಕೈಬರಹವೂ ಇದ್ದಂತೆ ಉಳಿಯುವುದಿಲ್ಲ.

ಬೆಂಗಳೂರಿನ ಕೋರ್ಸ್ ಆಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. 2012ರ ಇಂಡಿಯನ್ ಓಪನ್ ಇಲ್ಲಿ ನಡೆಯಿತು. ಥಾಯ್ಲೆಂಡಿನ ಥಾವೊರ್ನ್ ವಿರಾಚಾಂತ್ ಪ್ಲೇಆಫ್‌ನಲ್ಲಿ ಸ್ಕಾಟ್ಲೆಂಡಿನ ರಿಚಿ ರಾಮ್ಸೆ ಅವರನ್ನು ಸೋಲಿಸಿದರು. ಆಗ ವಿರಾಚಾಂತ್‌ಗೆ ನಲವತ್ತೈದು ದಾಟಿತ್ತು. ಆ ವಯಸ್ಸಿನವರೂ ಗೆಲ್ಲಬಹುದಾದ ಕೋರ್ಸ್ ಎಂಬುದು ಥಾಮ್ಸನ್ ಅವರಿಗೆ ಸಂತೋಷ ಕೊಡುವ ಸಂಗತಿಯೇ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಅದಿತಿ ಅಶೋಕ್ ಬಾಲ್ಯದಲ್ಲಿ ಆಟ ಕಲಿತದ್ದು ಇಲ್ಲಿ. ಉದ್ದನೆಯ ಹೊಡೆತವಿಲ್ಲದೆಯೂ ನೇರ ಹೊಡೆತ ಮತ್ತು ಪಟ್ಟಿಂಗಿನಿಂದ ವಿಶ್ವಮಟ್ಟಕ್ಕೆ ಏರಬಹುದೆಂದು ಅವರ ಆಟ ತೋರಿಸಿತು.

ನೆಲದ ಲೆಕ್ಕ ಮಾತ್ರ ಬೇರೆ. ಕೋರ್ಸ್ ಎದ್ದದ್ದು ಚಲ್ಲಘಟ್ಟ ಕೆರೆಯ ಮೇಲೆ. ಬೆಂಗಳೂರು ತನ್ನ ಕೆರೆಗಳನ್ನು ಹೀಗೆ ಬೇರೆ ಬಳಕೆಗೆ ಕೊಟ್ಟದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಗ್ರಾಮ ಎದ್ದಿತು. ಕೆರೆಗಳನ್ನು ಉಳಿಸಿಕೊಳ್ಳುವ ದಾರಿ ಹೇಳಲು ಎನ್. ಲಕ್ಷ್ಮಣ ರಾವ್ ಸಮಿತಿಯನ್ನು ಸರ್ಕಾರ ನೇಮಿಸಿದ್ದೂ 1980ರ ದಶಕದಲ್ಲೇ. ಒಂದು ಕೈಯಲ್ಲಿ ಉಳಿಸುವ ವರದಿ, ಇನ್ನೊಂದು ಕೈಯಲ್ಲಿ ಮಂಜೂರಾತಿ. ಕೆರೆಯಂಗಳಕ್ಕೆ ಕಾಂಕ್ರೀಟ್ ಬದಲು ಹುಲ್ಲು ಬಂದದ್ದು ನಷ್ಟದಲ್ಲಿ ಒಂದಿಷ್ಟು ಉಳಿಕೆ ಎಂದು ವಾದಿಸಬಹುದು. ಹುಲ್ಲಿನ ಅಡಿಯ ಮಣ್ಣು ಮಳೆ ಕುಡಿಯುತ್ತದೆ, ಹೊಂಡಗಳು ಒಂದಷ್ಟು ನೀರು ಹಿಡಿಯುತ್ತವೆ. ಆದರೆ ಸರಪಳಿಯ ಒಂದು ಕೆರೆ ಕಳಚಿದರೆ ಮೇಲಿನ ನೀರೆಲ್ಲ ಕೆಳಗಿನ ಬೆಳ್ಳಂದೂರಿಗೇ ಒಮ್ಮೆಗೆ ನುಗ್ಗುತ್ತದೆ. ಆ ಹೊರೆಯನ್ನು 18 ಹೋಲುಗಳ ಯಾವ ಜಾಣ ವಿನ್ಯಾಸವೂ ಇಳಿಸಲಾರದು. ಗ್ರೀನ್ ಎತ್ತ ವಾಲಬೇಕು ಎಂಬುದು ಆಟಗಾರ ವಿನ್ಯಾಸಕಾರನಿಗೆ ಗೊತ್ತಿತ್ತು. ನೆಲ ಯಾರಿಗೆ ಸೇರಬೇಕೆಂಬುದನ್ನು ಮೊದಲೇ ಬೇರೆಯವರು ತೀರ್ಮಾನಿಸಿದ್ದರು, ಅದರ ಹೊಣೆಯೂ ಅವರದೇ.

ಪೀಟರ್ ಥಾಮ್ಸನ್ 2018ರ ಜೂನ್ 20ರಂದು ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುವ ಯೋಜನೆಯ ನೀರು ಕೋಲಾರ ಜಿಲ್ಲೆಯನ್ನು ಮುಟ್ಟಿದ್ದೂ ಅದೇ ವರ್ಷ.